ಮೂರು ವರ್ಷದ ವಿದ್ಯಾರ್ಥಿವೇತನ, ಹತ್ತು ವರ್ಷದ ಕರಾರು: ಅಂಬೇಡ್ಕರ್ ವಿದೇಶ ವ್ಯಾಸಂಗದ ಹಣಕಾಸಿನ ಕಥೆ

ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಪ್ರವೇಶ ದೊರೆತರೆ ಅರ್ಧ ದಾರಿ ಕ್ರಮಿಸಿದಂತೆ. ಉಳಿದರ್ಧ ದಾರಿಗೆ ಹಣ ಬೇಕು. ವಿದ್ಯಾರ್ಥಿವೇತನ, ಸ್ವಂತ ಉಳಿತಾಯ, ಸಾಲ ಎಂಬ ಮೂರು ಮಾರ್ಗಗಳು ಇಂದಿಗೂ ಇರುವಂಥವೇ. ಈ ಮೂರನ್ನೂ ಒಂದೊಂದಾಗಿ ಬಳಸಿ, ಪ್ರತಿಯೊಂದರ ಮಿತಿಯನ್ನೂ ಅನುಭವಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನ ಶಿಲ್ಪಿಯ ಪದವಿಗಳ ಪಟ್ಟಿ ನಾಡಿಗೆಲ್ಲ ಗೊತ್ತು. ಆ ಪದವಿಗಳಿಗೆ ಹಣ ಒದಗಿದ ಬಗೆ ಅಷ್ಟಾಗಿ ತಿಳಿದಿಲ್ಲ.

1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಜನಿಸಿದ ಭೀಮರಾವ್, ಸೇನೆಯಲ್ಲಿ ಸುಬೇದಾರರಾಗಿದ್ದ ರಾಮಜಿ ಸಕ್ಪಾಲ್ ಅವರ ಪುತ್ರ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗಲೇ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡ್ ಅವರಿಂದ ಮಾಸಿಕ 25 ರೂಪಾಯಿ ನೆರವು ದೊರೆಯುತ್ತಿತ್ತು. 1913ರ ಫೆಬ್ರುವರಿಯಲ್ಲಿ ತಂದೆ ತೀರಿಕೊಂಡರು. ಸಂಸಾರದ ಭಾರ ಹೆಗಲೇರಿದ ಅದೇ ವರ್ಷ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮಂಜೂರಾಯಿತು.

ಮೊತ್ತ ತಿಂಗಳಿಗೆ ಹನ್ನೊಂದೂವರೆ ಪೌಂಡ್, ಅವಧಿ ಮೂರು ವರ್ಷ. ವ್ಯಾಸಂಗ ಮುಗಿಸಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಸಲ್ಲಿಸಬೇಕೆಂಬ ಕರಾರಿಗೆ ಅವರು ಸಹಿ ಹಾಕಬೇಕಾಯಿತು.

1913ರ ಜುಲೈನಲ್ಲಿ ನ್ಯೂಯಾರ್ಕ್ ತಲುಪಿದ ಅಂಬೇಡ್ಕರ್, ಆ ಅಲ್ಪ ಹಣದಲ್ಲಿಯೇ ಊಟ, ವಸತಿ, ಪುಸ್ತಕಗಳ ಖರ್ಚು ನಿಭಾಯಿಸಿ ಮನೆಗೂ ಕಳುಹಿಸಬೇಕಿತ್ತು. ಮುಂಬಯಿಯಲ್ಲಿ ಪತ್ನಿ ರಮಾಬಾಯಿ ಬಡತನದಲ್ಲಿ ಸಂಸಾರ ತೂಗಿಸುತ್ತಿದ್ದರು. ಅವಧಿ ಮುಗಿಯುವುದರೊಳಗೆ ಸಾಧ್ಯವಾದಷ್ಟೂ ಕಲಿಯಬೇಕೆಂಬ ಹಟದಿಂದ ಅವರು ಅರ್ಥಶಾಸ್ತ್ರ ಒಂದರಲ್ಲಿಯೇ 29 ಪಾಠಕ್ರಮಗಳಿಗೆ ಹೆಸರು ನೋಂದಾಯಿಸಿದರು. 1915ರಲ್ಲಿ ಎಂ.ಎ. ಮುಗಿಯಿತು. 1916ರಲ್ಲಿ ಲಂಡನ್‌ಗೆ ತೆರಳಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ ವಕೀಲಿ ಶಿಕ್ಷಣದ ಗ್ರೇಸ್ ಇನ್ ಎರಡನ್ನೂ ಸೇರಿದರು.

ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದಿತ್ತು. 1917ರಲ್ಲಿ ಓದನ್ನು ಅರ್ಧಕ್ಕೇ ನಿಲ್ಲಿಸಿ ಸ್ವದೇಶಕ್ಕೆ ಮರಳಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ವ್ಯಾಸಂಗ ಮುಂದುವರಿಸಲು ಅನುಮತಿ ಪಡೆದುಕೊಂಡದ್ದೊಂದೇ ಸಮಾಧಾನ. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಪುಸ್ತಕಗಳು, ಆ ಹಡಗು ಯುದ್ಧಕಾಲದ ಟಾರ್ಪೆಡೊ ದಾಳಿಗೆ ತುತ್ತಾದಾಗ ಸಮುದ್ರದ ಪಾಲಾದವು. ಸಾಮಾನಿಗೆ ದೊರೆತ ಪರಿಹಾರದ ಹಣವೇ ಬರೋಡಾಕ್ಕೆ ಹೋಗುವ ಖರ್ಚಿಗೆ ಒದಗಿತು.

ಕರಾರಿನಂತೆ ಬರೋಡಾಕ್ಕೆ ಹೋದವರಿಗೆ ಉದ್ಯೋಗವೇನೋ ಸಿಕ್ಕಿತು, ತಲೆಯ ಮೇಲೊಂದು ಸೂರು ಸಿಗಲಿಲ್ಲ. ಅಸ್ಪೃಶ್ಯರೆಂಬ ಕಾರಣಕ್ಕೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದುಕೊಂಡಾಗ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಅಲ್ಲಿಂದ ಹೊರದೂಡಿತು. ಕೊಲಂಬಿಯಾದ ಪದವೀಧರ ಮುಂಬಯಿಗೆ ಹಿಂದಿರುಗಿದರು. ಹತ್ತು ವರ್ಷದ ಕರಾರನ್ನು ಪಾಲಿಸಲು ಸಮಾಜವೇ ಬಿಡಲಿಲ್ಲ.

ಅಲ್ಲಿಂದ ಮುಂದೆ ಅವರೇ ಹಣ ಹೊಂದಿಸಿಕೊಳ್ಳಬೇಕಾಯಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಮಾಸಿಕ 450 ರೂಪಾಯಿ ಸಂಬಳದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಸಂಬಳದಲ್ಲಿ ಸಾಧ್ಯವಾದಷ್ಟನ್ನು ಲಂಡನ್‌ಗಾಗಿ ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಕೊಲಂಬಿಯಾ ದಿನಗಳ ಪಾರ್ಸಿ ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. ಉಳಿತಾಯ, ನೆರವು, ಸಾಲ ಮೂರೂ ಕೂಡಿದ ಮೇಲೆ 1920ರಲ್ಲಿ ಅವರು ಮತ್ತೆ ಲಂಡನ್‌ಗೆ ಹೊರಟರು.

ಅಲ್ಲಿ ಅರೆಹೊಟ್ಟೆಯೇ ದಿನಚರಿಯಾಯಿತು. ಬೆಳಗಿನ ಅಲ್ಪಾಹಾರದ ನಂತರ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ ಸೇರಿದರೆ ಮುಚ್ಚುವವರೆಗೂ ಓದು, ರಾತ್ರಿ ಹಸಿವಿಗೆ ಹಪ್ಪಳ. 1921ರಲ್ಲಿ ಎಂ.ಎಸ್ಸಿ. ಕೈಗೂಡಿತು. 1923ರಲ್ಲಿ ರೂಪಾಯಿ ಸಮಸ್ಯೆ ಕುರಿತ ಪ್ರಬಂಧವನ್ನು ತಿದ್ದಿ ಕೊಡುವಂತೆ ಪರೀಕ್ಷಕರು ಸೂಚಿಸಿದಾಗ ಕೈಯಲ್ಲಿ ಹಣವಿರಲಿಲ್ಲ. ಮುಂಬಯಿಗೆ ಮರಳಿ, ಅಲ್ಲಿಂದಲೇ ಪರಿಷ್ಕರಿಸಿ ಕಳುಹಿಸಿ, ಅದೇ ವರ್ಷ ಡಿ.ಎಸ್ಸಿ. ಪಡೆದರು. 1925ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಕೊಲಂಬಿಯಾದ ಸಂಶೋಧನಾ ಪ್ರಬಂಧವನ್ನು ಕೃತಜ್ಞತೆಯಿಂದ ಸಯಾಜಿರಾವ್ ಅವರಿಗೆ ಅರ್ಪಿಸಿದರು. 1927ರಲ್ಲಿ ಪಿಎಚ್.ಡಿ. ವಿಧ್ಯುಕ್ತವಾಗಿ ಪ್ರದಾನವಾಯಿತು.

ಇಷ್ಟೆಲ್ಲ ಪಡಿಪಾಟಲು ಪಟ್ಟ ವ್ಯಕ್ತಿ ತನ್ನ ಗೆಲುವಿಗೆ ತೃಪ್ತಿಪಟ್ಟು ಸುಮ್ಮನಾಗಲಿಲ್ಲ. ಒಬ್ಬ ಮಹಾರಾಜನ ಔದಾರ್ಯ ಒಬ್ಬನಿಗೆ ದಾರಿ ತೋರಬಲ್ಲದು, ಒಂದು ಸಮುದಾಯಕ್ಕೆ ಸಾಲದು ಎಂಬುದನ್ನು ಅವರು ಅರಿತಿದ್ದರು. 1920ರ ದಶಕದ ಕೊನೆಯಲ್ಲಿ ಅವರ ಪ್ರಯತ್ನದಿಂದ ಮುಂಬಯಿ ಪ್ರಾಂತದಲ್ಲಿ ಆರಂಭವಾದ ವಿದ್ಯಾರ್ಥಿ ನಿಲಯಗಳ ಪೈಕಿ ಒಂದು, ಅಂದು ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿತ್ತು. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದೊಡನೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ಸರ್ಕಾರದ ವೆಚ್ಚದಲ್ಲಿ ವಿದೇಶಕ್ಕೂ ಕಳುಹಿಸಬೇಕೆಂದು ಮನವಿಪತ್ರ ಸಲ್ಲಿಸಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಗೆ ಬಂತು. 1956ರ ಡಿಸೆಂಬರ್ 6ರಂದು ಅವರು ನಿಧನರಾಗುವ ವೇಳೆಗೆ, 1954-55ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ನಡೆಯುತ್ತಿತ್ತು.

ಆ ಯೋಜನೆ ಇಂದಿಗೂ ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರ ಪ್ರಬುದ್ಧ ಎಂಬ ವಿದೇಶ ವ್ಯಾಸಂಗ ಯೋಜನೆಯನ್ನು ರೂಪಿಸಿದೆ. ಆದರೂ ಹಣದ ಅನಿಶ್ಚಿತತೆ ಪೂರ್ತಿ ನೀಗಿಲ್ಲ. 2025ರ ಜುಲೈನಲ್ಲಿ ರಾಷ್ಟ್ರೀಯ ಯೋಜನೆಗೆ ಆಯ್ಕೆಯಾದ 106 ಮಂದಿಯಲ್ಲಿ ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ದೊರೆತದ್ದು 40 ಮಂದಿಗೆ ಮಾತ್ರ. ಉಳಿದವರು ಅನುದಾನಕ್ಕೆ ಕಾಯುವಂತಾಯಿತು. ಅವಧಿ ಮುಗಿದು ಲಂಡನ್ ಬಿಡಬೇಕಾದ 1917ರ ಆ ವಿದ್ಯಾರ್ಥಿ, ತನ್ನ ನಂತರದವರಿಗೆ ಇಂಥ ಸ್ಥಿತಿ ಬಾರದಿರಲೆಂದೇ ಈ ನೆರವನ್ನು ಸರ್ಕಾರದ ಹೊಣೆಯಾಗಿಸಲು ದುಡಿದಿದ್ದರು.