ಕಡೆಯ ಪಾಠ

ಡೀಟ್ರಿಶ್ ಬಾನ್‌ಹೋಫರ್ 1906ರಲ್ಲಿ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಜನಿಸಿದನು. ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದನು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯೆಹೂದ್ಯರನ್ನು ಪೀಡಿಸತೊಡಗಿದಾಗ, ಧರ್ಮಸಭೆಯು ಮೌನವಾಗಿರುವುದು ತರವಲ್ಲವೆಂದು ಸಾರಿದ ಕೆಲವರಲ್ಲಿ ಅವನೂ ಒಬ್ಬನು. 1935ರಲ್ಲಿ ಫಿಂಕನ್‌ವಾಲ್ಡೆಯಲ್ಲಿ ಪಾದ್ರಿಗಳಾಗಲಿದ್ದ ತರುಣರಿಗೆ ಗುರುವಾದನು; ಎರಡು ವರ್ಷಗಳಲ್ಲಿ ಸರಕಾರವು ಆ ಶಾಲೆಯನ್ನು ಮುಚ್ಚಿಸಿತು.

1939ರಲ್ಲಿ ಅಮೆರಿಕದಲ್ಲಿ ಅವನಿಗೆ ಸುರಕ್ಷಿತ ನೆಲೆ ದೊರೆತಿತ್ತು. ಆದರೆ ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ಅವರಿಗೆ ಬೋಧಿಸುವ ಹಕ್ಕಿಲ್ಲವೆಂದು ಬಗೆದು, ಕೆಲವೇ ವಾರಗಳಲ್ಲಿ ತಾಯ್ನಾಡಿಗೆ ಮರಳಿದನು. ಹಿಟ್ಲರನನ್ನು ಉರುಳಿಸಲು ಗುಟ್ಟಾಗಿ ಯತ್ನಿಸುತ್ತಿದ್ದವರೊಡನೆ ಸೇರಿದನು. 1943ರಲ್ಲಿ ಸೆರೆಯಾದನು.

1945ರ ಏಪ್ರಿಲ್ 8, ಈಸ್ಟರ್ ಹಬ್ಬದ ಮರು ಭಾನುವಾರ. ಷೋನ್‌ಬರ್ಗ್ ಗ್ರಾಮದ ಶಾಲೆಯೊಂದರಲ್ಲಿ ಕೂಡಿಹಾಕಿದ್ದ ಸಹಬಂದಿಗಳು ಪ್ರಾರ್ಥನೆ ನಡೆಸಿಕೊಡೆಂದು ಅವನನ್ನು ಕೋರಿದರು. ದೇವರನ್ನು ನಂಬದ ರಷ್ಯನ್ ಸೈನಿಕನೊಬ್ಬನು ಅಲ್ಲಿದ್ದುದರಿಂದ ಬಾನ್‌ಹೋಫರನು ಹಿಂಜರಿದನು. ಆತನೂ ಒಪ್ಪಿದ ಬಳಿಕವೇ ತೊಡಗಿದನು. ಕ್ರಿಸ್ತನ ಪುನರುತ್ಥಾನವು ಮನುಷ್ಯನಿಗೆ ನೀಡುವ ಜೀವಂತ ಭರವಸೆಯನ್ನು ವಿವರಿಸಿದನು. ಪ್ರಾರ್ಥನೆ ಮುಗಿಯುತ್ತಿದ್ದಂತೆಯೇ ಕಾವಲುಗಾರರು ಬಂದು ಕರೆದರು. ಅದರ ಅರ್ಥವೇನೆಂದು ಎಲ್ಲರಿಗೂ ತಿಳಿದಿತ್ತು. ಅವನು ಶಾಂತನಾಗಿ ಎಲ್ಲರನ್ನೂ ಬೀಳ್ಕೊಂಡನು. ಮರುದಿನ ಮುಂಜಾನೆ ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ತಾನು ಬೋಧಿಸಿದ ಭರವಸೆಗೆ ಅವನು ತನ್ನ ಪ್ರಾಣವನ್ನೇ ಸಾಕ್ಷಿಯಾಗಿತ್ತನು.