ಪಲ್ಲಕ್ಕಿ ಹೊರುವವನ ಮಗ ದಸವಂತ



ಅಕ್ಬರ್ ಬಾದಶಹನ ಆಸ್ಥಾನದಲ್ಲಿ ಯಾರ್ಯಾರಿದ್ದರು ಅಂತ ಕೇಳಿದರೆ ತಾನಸೇನ, ಬೀರಬಲ್ ಅಂತ ಚಿಕ್ಕ ಕ್ಲಾಸಿನವರೂ ಹೇಳುತ್ತಾರೆ. ಚಿತ್ರಕಲೆ ಬಲ್ಲವರು ಅವರ ಜೊತೆಗೆ ದಸವಂತನ ಹೆಸರನ್ನೂ ಹೇಳುತ್ತಾರೆ. ಈ ಸಲ ಅವನ ಕಥೆ ಬರೆಯುತ್ತಿದ್ದೇನೆ.

ದಸವಂತನ ಅಪ್ಪ ಪಲ್ಲಕ್ಕಿ ಹೊರುತ್ತಿದ್ದವನು. ಮಗನಿಗೆ ಚಿತ್ರ ಬರೆಯೋದು ಅಂದರೆ ಪ್ರಾಣ. ಗೋಡೆ ಕಂಡರೂ ಬಿಡುತ್ತಿರಲಿಲ್ಲ. (ನಾವು ಇದ್ದಿಲು ಹಿಡಿದು ಗೋಡೆ ಹತ್ತಿರ ಹೋದರೆ ಏನಾಗುತ್ತೆ ಅಂತ ನಿಮಗೇ ಗೊತ್ತು!) ಒಂದು ದಿನ ಅಕ್ಬರನ ಕಣ್ಣು ಅವನ ಮೇಲೆ ಬಿತ್ತು. ಬಾದಶಹ ಅವನನ್ನು ಇರಾನಿನಿಂದ ಬಂದಿದ್ದ ಖ್ವಾಜಾ ಅಬ್ದುಸ್ಸಮದ್ ಎಂಬ ಚಿತ್ರಕಾರನಿಗೆ ಒಪ್ಪಿಸಿದ. ಅಕ್ಬರನಿಗೂ ಚಿಕ್ಕಂದಿನಲ್ಲಿ ಚಿತ್ರ ಕಲಿಸಿದವನು ಇದೇ ಖ್ವಾಜಾ. ಬಾದಶಹನಿಗೂ ಪಲ್ಲಕ್ಕಿಯವನ ಮಗನಿಗೂ ಒಬ್ಬನೇ ಮೇಷ್ಟ್ರು! ಸ್ವಲ್ಪ ಕಾಲದಲ್ಲೇ ದಸವಂತ ಎಲ್ಲರನ್ನೂ ಮೀರಿಸಿದನೆಂದು ಅಬುಲ್ ಫಜಲ್ ಬರೆದಿಟ್ಟಿದ್ದಾನೆ.

1582ರಲ್ಲಿ ಅಕ್ಬರ್ ನಮ್ಮ ಮಹಾಭಾರತವನ್ನು ಪಾರ್ಸಿ ಭಾಷೆಗೆ ಮಾಡಿಸಲು ಶುರು ಮಾಡಿದ. ಪಂಡಿತರು ಸಂಸ್ಕೃತ ಓದಿ ಅರ್ಥ ಹೇಳಬೇಕು, ನಖೀಬ್ ಖಾನ್ ಮೊದಲಾದವರು ಪಾರ್ಸಿಯಲ್ಲಿ ಬರೆಯಬೇಕು. ಅದಕ್ಕೆ ಇಟ್ಟ ಹೆಸರು ರಜ್ಮ್‌ನಾಮಾ, ಅಂದರೆ ಯುದ್ಧದ ಪುಸ್ತಕ. ಅದರಲ್ಲಿ 160ಕ್ಕೂ ಹೆಚ್ಚು ಚಿತ್ರಗಳು. ಆನೆ, ಕುದುರೆ, ರಥ, ಬಿಲ್ಲು ಹಿಡಿದ ವೀರರು ಎಲ್ಲಾ ಒಂದೊಂದು ಪುಟದೊಳಗೇ ಹಿಡಿಸಬೇಕು. ಅಳಿಲಿನ ಬಾಲದ ಕೂದಲಿನ ಕುಂಚ ಅಂದರೆ ಎಷ್ಟು ಸಣ್ಣ ಗೆರೆ ಬರಬಹುದು ಯೋಚಿಸಿ. ಸಾಮಾನ್ಯವಾಗಿ ಒಂದು ಚಿತ್ರಕ್ಕೆ ಇಬ್ಬರು. ಒಬ್ಬ ಗೆರೆ ಹಾಕಿ ಚಿತ್ರ ಕೂರಿಸುತ್ತಾನೆ, ಇನ್ನೊಬ್ಬ ಬಣ್ಣ ತುಂಬುತ್ತಾನೆ. ಗೆರೆ ಹಾಕಲು ಪಳಗಿದ ಕೈಯೇ ಆಗಬೇಕು. ಸುಮಾರು 30 ಚಿತ್ರಗಳಿಗೆ ಗೆರೆ ಹಾಕಿದವನು ದಸವಂತ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿಷಯ. ಚಿತ್ರದ ಕೆಳಗೆ ಅಂಚಿನಲ್ಲಿ ಗುಮಾಸ್ತರು ಗೆರೆ ಯಾರದು, ಬಣ್ಣ ಯಾರದು ಅಂತ ಹೆಸರು ಬರೆಯುತ್ತಿದ್ದರು. ಅಬುಲ್ ಫಜಲ್ ದಸವಂತನ ಅಪ್ಪನ ಕಸುಬು ಬರೆದ, ಹೆಸರು ಬರೆಯಲಿಲ್ಲ. ಮಗನ ಹೆಸರು ಮಾತ್ರ ಪುಟಪುಟದಲ್ಲೂ ಬಂತು.

ಇನ್ನು ಬರೆಯೋದಕ್ಕೆ ದುಃಖವಾಗುತ್ತೆ. ದಸವಂತನಿಗೆ ಮನಸ್ಸಿನ ಕಾಯಿಲೆ ಬಂತು. ಅದಕ್ಕೆ ಈಗ ಔಷಧ ಇದೆ, ಡಾಕ್ಟರಿದ್ದಾರೆ. ಆಗ ಇರಲಿಲ್ಲ. 1584ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಪುಸ್ತಕ ಇನ್ನೂ ಮುಗಿದಿರಲಿಲ್ಲ. ಉಳಿದ ಚಿತ್ರಕಾರರು 1586ರ ಹೊತ್ತಿಗೆ ಮುಗಿಸಿದರು. ಮುಂದೆ ಅದು ಜಯಪುರದ ಅರಮನೆ ಸೇರಿತು. ಅಂಚಿನಲ್ಲಿ ಪಾರ್ಸಿ ಅಕ್ಷರದಲ್ಲಿ ದಸವಂತ ಅಂತ ಬರೆದದ್ದು ಹಾಗೇ ಉಳಿದಿದೆ.