ಕಾರು ಕೇಳಿದರು, ವಿಮಾನ ಸಿಕ್ಕಿತು

ವೈಟ್‌ಫೀಲ್ಡ್‌ಗೆ ಹೋಗೋ ಹಳೇ ಏರ್‌ಪೋರ್ಟ್ ರಸ್ತೇಲಿ ಎಚ್‌ಎಎಲ್ ನೋಡಿರ್ತೀರಿ. ಅದನ್ನ ಶುರು ಮಾಡಿದ್ದು 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್.

ವಿಶ್ವೇಶ್ವರಯ್ಯನವರ ಜೊತೆ ಸೇರಿ ಕಾರು ಕಾರ್ಖಾನೆಗಾಗಿ ಓಡಾಡಿದರು; ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಯುದ್ಧ ಬಂತು, ವಿಮಾನ ಬೇಕಾಯ್ತು. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. 1942ರಲ್ಲಿ ಅದು ಸರ್ಕಾರದ ಪಾಲಾಯ್ತು. ವಿಮಾನ ಕಟ್ಟೋದು ಹಿಂದೆ ಬಿತ್ತು, ರಿಪೇರಿ ಮುಂದೆ ಬಂತು: ಯುದ್ಧವಿಮಾನಗಳ ಎಂಜಿನ್ ಬಿಚ್ಚಿ, ತೊಳೆದು, ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆಯಾ ನೋಡಿ, ಮತ್ತೆ ಜೋಡಿಸೋದು. ನಮ್ಮೂರ ಕೈಗಳು ದೊಡ್ಡ ಎಂಜಿನ್ ಪಳಗಿಸಿದ್ದು ಹಾಗೆ.

ಕಾರಿನ ಆಸೆ ಮಾತ್ರ ಅವರನ್ನ ಬಿಡಲಿಲ್ಲ. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. 1953ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಅಲ್ಲಿ ಜೋಡಿಸಿದ ಡಾಜ್, ಪ್ಲಿಮತ್ ಕಾರುಗಳು ನಮ್ಮ ರಸ್ತೆಗಳಲ್ಲಿ ಓಡ್ತಿದ್ವು.